ಕ್ಯಾನ್ಸಲ್ ಮಾಡಿದ್ದು ಯಾರು? ಭದ್ರತಾ ಬಿಕ್ಕಟ್ಟಿಗೆ ನಿಂತುಹೋದ ಟೂರಿನ ದುಡ್ಡಿನ ಲೆಕ್ಕ

ಕರ್ನಾಟಕದಿಂದ ಕಾಶ್ಮೀರಕ್ಕೆ ಹೋಗುವ ಕುಟುಂಬಗಳು ಹೆಚ್ಚಾಗಿ ಹೊರಡುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಮಕ್ಕಳಿಗೆ ಬೇಸಿಗೆ ರಜೆ ಇರುತ್ತದೆ, ಗುಲ್ಮಾರ್ಗ್‌ನ ಮೇಲುಭಾಗದಲ್ಲಿ ಇನ್ನೂ ಹಿಮ ಉಳಿದಿರುತ್ತದೆ. ವಿಮಾನದ ಟಿಕೆಟ್ ಮೂರ್ನಾಲ್ಕು ತಿಂಗಳ ಮೊದಲೇ ತೆಗೆದಾಗಿರುತ್ತದೆ, ಹೋಟೆಲಿಗೆ ಅಡ್ವಾನ್ಸ್ ಹೋಗಿರುತ್ತದೆ, ಸ್ವೆಟರು ಬೂಟುಗಳ ಖರೀದಿಯೂ ಮುಗಿದಿರುತ್ತದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದದ್ದು ಈ ಸೀಸನ್ನಿನ ನಡುಮಧ್ಯದಲ್ಲೇ. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ಅಲ್ಲಿ ಸಿಕ್ಕಿಕೊಂಡಿದ್ದ ಕನ್ನಡಿಗರನ್ನು ಕರೆತರಲು ರಾಜ್ಯ ಸರ್ಕಾರ ಸಚಿವ ಸಂತೋಷ್ ಲಾಡ್ ಅವರನ್ನು ಶ್ರೀನಗರಕ್ಕೆ ಕಳಿಸಿತು.

ಜೀವದ ಮುಂದೆ ದುಡ್ಡಿನ ಮಾತು ಸಣ್ಣದು. ಆದರೆ ಮುಂದಿನ ವಾರ ಹೊರಡಬೇಕಿದ್ದ ಮನೆಗಳಲ್ಲಿ ಮರುದಿನ ಬೆಳಿಗ್ಗೆಯೇ ಎದ್ದ ಪ್ರಶ್ನೆ ಅದೇ: ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್ ಬರುತ್ತದೆ? ಇದಕ್ಕೆ ಒಂದೇ ಉತ್ತರವಿಲ್ಲ. ಒಂದೇ ಟೂರಿನ ವಿಮಾನ, ಹೋಟೆಲ್, ಕಾರು, ವಿಮೆ ನಾಲ್ಕಕ್ಕೂ ನಿಯಮ ಬೇರೆ ಬೇರೆ. ಎಲ್ಲದರ ಬುಡದಲ್ಲಿ ಇರುವುದು ಮಾತ್ರ ಒಂದೇ ವಿಚಾರ. ನಿಮಗೆ ಹೆದರಿಕೆ ಆಯಿತೋ ಇಲ್ಲವೋ ಎಂದು ಕಾನೂನು ಕೇಳುವುದಿಲ್ಲ. ಸೇವೆ ನಿಲ್ಲಿಸಿದ್ದು ಯಾರು, ಯಾವ ತಾರೀಖಿನಂದು ಎಂದು ಕೇಳುತ್ತದೆ.

ಒಂದೇ ಕಾಶ್ಮೀರ, ನಾಲ್ಕು ಸ್ಥಿತಿ

ಈ ವ್ಯತ್ಯಾಸ ಹಿಡಿಯಲು 2025ರ ತಾರೀಖುಗಳನ್ನೇ ಸಾಲಾಗಿ ಇಟ್ಟು ನೋಡಬೇಕು.

ಏಪ್ರಿಲ್ 22ರಿಂದ ಮೇ 6ರವರೆಗೆ ಶ್ರೀನಗರಕ್ಕೆ ವಿಮಾನಗಳು ಹಾರುತ್ತಲೇ ಇದ್ದವು, ಹೋಟೆಲುಗಳು ತೆರೆದೇ ಇದ್ದವು. ಬರಬೇಡಿ ಎಂದು ಕೇಂದ್ರ ಸರ್ಕಾರವಾಗಲಿ ಜಮ್ಮು ಕಾಶ್ಮೀರ ಆಡಳಿತವಾಗಲಿ ಹೇಳಿರಲಿಲ್ಲ. ಈ ಹದಿನೈದು ದಿನದಲ್ಲಿ ಟೂರ್ ಬಿಟ್ಟವರು ಕಾನೂನಿನ ಕಣ್ಣಲ್ಲಿ ತಾವಾಗಿಯೇ ಬಿಟ್ಟವರು. ಹಾಗಿದ್ದರೂ ಅನೇಕರಿಗೆ ವಿಮಾನದ ದುಡ್ಡು ಪೂರ್ತಿ ಬಂತು. ಕ್ಯಾನ್ಸಲೇಶನ್ ಮತ್ತು ದಿನಾಂಕ ಬದಲಾವಣೆಯ ಶುಲ್ಕ ಬಿಡಬೇಕೆಂದು ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಏರ್‌ಲೈನ್‌ಗಳಿಗೆ ಸೂಚಿಸಿತ್ತು, ಏರ್ ಇಂಡಿಯಾ ಮತ್ತು ಇಂಡಿಗೋ ಏಪ್ರಿಲ್ 30ರವರೆಗಿನ ಶ್ರೀನಗರ ಪ್ರಯಾಣಕ್ಕೆ ಆ ರಿಯಾಯಿತಿ ಪ್ರಕಟಿಸಿದ್ದವು. ಅದು ರಿಯಾಯಿತಿ, ಹಕ್ಕಲ್ಲ. ಮೇ 2ಕ್ಕೆ ಟಿಕೆಟ್ ಇದ್ದವರಿಗೆ ಆ ಪ್ರಕಟಣೆ ತಾನಾಗಿ ಅನ್ವಯಿಸುತ್ತಿರಲಿಲ್ಲ.

ಇದರ ಮಧ್ಯೆ, ಏಪ್ರಿಲ್ ಕೊನೆಯಲ್ಲಿ, ಜಮ್ಮು ಕಾಶ್ಮೀರ ಆಡಳಿತ 87 ಪ್ರವಾಸಿ ತಾಣಗಳ ಪೈಕಿ 48ನ್ನು ಮುಚ್ಚಿತು. ದೂಧ್‌ಪಥ್ರಿ, ಯೂಸ್‌ಮಾರ್ಗ್, ಕೋಕರ್‌ನಾಗ್ ಬಂದ್. ಗುಲ್ಮಾರ್ಗ್, ದಾಲ್ ಸರೋವರ ತೆರೆದಿದ್ದವು. ಇದು ಎರಡನೆಯ ಸ್ಥಿತಿ. ಹೋಗಬಹುದು, ಆದರೆ ದುಡ್ಡು ಕೊಟ್ಟಿದ್ದನ್ನೆಲ್ಲ ನೋಡಲಾಗದು.

ಮೇ 7ರಂದು ಆಪರೇಷನ್ ಸಿಂಧೂರ ಶುರುವಾದ ಮೇಲೆ ಚಿತ್ರ ಪೂರ್ತಿ ಬದಲಾಯಿತು. ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ನಾಗರಿಕ ವಿಮಾನಗಳಿಗೆ ಮುಚ್ಚಿದವು. ಶ್ರೀನಗರ, ಜಮ್ಮು, ಲೇಹ್ ಮಾತ್ರವಲ್ಲ, ಮನಾಲಿಗೆ ಹೋಗುವವರು ಇಳಿಯುವ ಭುಂತರ್, ಧರ್ಮಶಾಲೆಯ ಗಗ್ಗಲ್, ಅಮೃತಸರ, ಚಂಡೀಗಢ, ಜೈಸಲ್ಮೇರ್, ಭುಜ್ ಕೂಡ. ಕಾಶ್ಮೀರ ಬೇಡವೆಂದು ಹಿಮಾಚಲಕ್ಕೆ ಟಿಕೆಟ್ ಬದಲಿಸಿಕೊಂಡವರೂ ಹೀಗೆ ಎರಡನೇ ಸಲ ಸಿಕ್ಕಿಕೊಂಡರು. ಮೇ 15ರ ಬೆಳಗಿನ 5.29ರವರೆಗೆ ಬಂದ್ ಎಂದು ಆದೇಶ ಇತ್ತು. ಈ 5.29 ಎಂಬ ವಿಚಿತ್ರ ಹೊತ್ತನ್ನು ಕಂಡು ತಲೆ ಕೆರೆದುಕೊಂಡವರಿಗೆ: ವೈಮಾನಿಕ ಸೂಚನೆಗಳು ನಡೆಯುವುದು ಅಂತಾರಾಷ್ಟ್ರೀಯ ಸಮಯದಲ್ಲಿ. ಅಲ್ಲಿ ರಾತ್ರಿ 23.59 ಆದಾಗ ನಮ್ಮಲ್ಲಿ ಬೆಳಿಗ್ಗೆ 5.29. ಕದನ ವಿರಾಮದ ನಂತರ ಮೇ 12ಕ್ಕೇ ನಿಲ್ದಾಣಗಳು ತೆರೆದವು. ಈ ಆರು ದಿನಗಳ ಶ್ರೀನಗರದ ವಿಮಾನಗಳನ್ನು ರದ್ದು ಮಾಡಿದ್ದು ಪ್ರಯಾಣಿಕರಲ್ಲ, ಏರ್‌ಲೈನ್‌ಗಳೇ. ಹಾಗಾಗಿ ಪೂರ್ತಿ ರೀಫಂಡ್ ಇಲ್ಲಿ ಹಕ್ಕು.

ನಾಲ್ಕನೆಯದು 2019ರ ಆಗಸ್ಟ್ 2ರ ಮಾದರಿ. ಅಂದು ಜಮ್ಮು ಕಾಶ್ಮೀರದ ಗೃಹ ಇಲಾಖೆಯೇ ಅಮರನಾಥ ಯಾತ್ರಿಕರೂ ಪ್ರವಾಸಿಗರೂ ಕೂಡಲೇ ಕಣಿವೆ ಬಿಡಬೇಕೆಂದು ಸಲಹಾ ಸೂಚನೆ ಹೊರಡಿಸಿತು. ಅದನ್ನು ಹಿಂತೆಗೆದುಕೊಂಡದ್ದು ಅಕ್ಟೋಬರ್ 10ಕ್ಕೆ. ಆ ಎರಡು ತಿಂಗಳು ಹೋಟೆಲಿನವರು ‘ನಾವು ತೆರೆದೇ ಇದ್ದೆವು, ನೀವೇ ಬರಲಿಲ್ಲ’ ಎಂದು ವಾದಿಸಿ ಗೆಲ್ಲುವುದು ಕಷ್ಟ. ಸರ್ಕಾರಿ ಸೂಚನೆಯ ಒಂದು ಹಾಳೆ ಗ್ರಾಹಕನ ಕೈಯಲ್ಲಿದ್ದರೆ ಎಷ್ಟು ಬಲ ಎಂಬುದು ಇಲ್ಲಿ ಗೊತ್ತಾಗುತ್ತದೆ.

ನಿಮ್ಮ ಪ್ರಯಾಣದ ತಾರೀಖು ಈ ನಾಲ್ಕರಲ್ಲಿ ಯಾವುದರೊಳಗೆ ಬೀಳುತ್ತದೆ ಎಂದು ಮೊದಲು ಗುರುತಿಸಿಕೊಳ್ಳಿ. ಆಮೇಲೆ ಫೋನ್ ಎತ್ತಿಕೊಳ್ಳಿ.

ವಿಮಾನ: ಬಟನ್ ಒತ್ತುವ ಮುಂಚೆ

ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಗಾಬರಿಯಲ್ಲಿ. ಟಿವಿಯಲ್ಲಿ ಸುದ್ದಿ ನೋಡಿದ ತಕ್ಷಣ ಆಪ್ ತೆರೆದು ಕ್ಯಾನ್ಸಲ್ ಒತ್ತಿಬಿಡುತ್ತಾರೆ. ಆ ಕ್ಷಣಕ್ಕೆ ಏರ್‌ಲೈನ್‌ನ ದಾಖಲೆಯಲ್ಲಿ ಅದು ‘ವಾಲಂಟರಿ’ ರದ್ದತಿ, ಅಂದರೆ ಪ್ರಯಾಣಿಕರೇ ಬಯಸಿ ಮಾಡಿದ್ದು. ಮರುದಿನ ವಿಮಾನವೇ ರದ್ದಾದರೂ ನಿಮ್ಮ ಟಿಕೆಟ್ ಆಗಲೇ ಮುಗಿದ ವ್ಯವಹಾರ. ಕಡಿದುಕೊಂಡ ಶುಲ್ಕ ವಾಪಸ್ ಕೇಳಲು ಆಧಾರ ಉಳಿಯುವುದಿಲ್ಲ.

ಒಂದು ಕಲ್ಪಿತ ಲೆಕ್ಕ ನೋಡಿ. ನಾಲ್ಕು ಜನರ ಕುಟುಂಬ, ಬೆಂಗಳೂರು–ಶ್ರೀನಗರ ಹೋಗಿ ಬರಲು ತಲೆಗೆ 15,000ದಂತೆ 60,000 ರೂಪಾಯಿ. ಒಬ್ಬರಿಗೆ ಒಂದು ಬದಿಗೆ ಕ್ಯಾನ್ಸಲೇಶನ್ ಶುಲ್ಕ 4,000 ಎಂದಿಟ್ಟುಕೊಳ್ಳಿ. ನೀವೇ ರದ್ದು ಮಾಡಿದರೆ ನಾಲ್ಕು ಜನಕ್ಕೆ ಎರಡೂ ಬದಿಗೆ ಸೇರಿ 32,000 ಹೋಯಿತು, ಕೈಗೆ ಬರುವುದು 28,000. ಏರ್‌ಲೈನ್ ರದ್ದು ಮಾಡಿದರೆ 60,000 ಪೂರ್ತಿ. ಸೀಟಿಗೆ, ಊಟಕ್ಕೆ, ಹೆಚ್ಚುವರಿ ಲಗೇಜಿಗೆ ಬೇರೆಯಾಗಿ ಕಟ್ಟಿದ್ದನ್ನೂ ಅದರ ಜೊತೆಗೇ ಕೇಳಬೇಕು. ಎರಡು ದಿನ ತಾಳಿದ್ದರೆ ಅರ್ಧಕ್ಕಿಂತ ಹೆಚ್ಚು ದುಡ್ಡು ಉಳಿಯುತ್ತಿತ್ತು ಎಂಬ ಸ್ಥಿತಿ 2025ರ ಮೇ ಮೊದಲ ವಾರದಲ್ಲಿ ಅನೇಕರದ್ದಾಗಿತ್ತು.

ಹಾಗೆಂದು ಕೊನೆಯವರೆಗೂ ಕಾಯುತ್ತ ಕೂರುವಂತಿಲ್ಲ. ದೇಶದೊಳಗಿನ ವಿಮಾನಗಳಿಗೆ ಹೊರಡುವ ಕೆಲವು ಗಂಟೆ ಮೊದಲು ರದ್ದತಿಯ ಗಡುವು ಮುಗಿಯುತ್ತದೆ. ಎಷ್ಟು ಗಂಟೆ ಎಂಬುದು ಒಂದೊಂದು ಏರ್‌ಲೈನ್‌ಗೆ ಒಂದೊಂದು ಥರ, ಟಿಕೆಟ್ಟಿನ ಕೆಳಗೆ ಬರೆದಿರುತ್ತದೆ. ಅದು ದಾಟಿದರೆ ನಿಮ್ಮದು ‘ನೋ ಶೋ’, ಅಂದರೆ ರದ್ದೂ ಮಾಡದೆ ಬರಲೂ ಇಲ್ಲ ಎಂಬ ಲೆಕ್ಕ. ಆದ್ದರಿಂದ ನಡುದಾರಿ ಇದು: ಪ್ರಯಾಣದ ಹಿಂದಿನ ದಿನದವರೆಗೆ ಏರ್‌ಲೈನ್‌ನ ಪ್ರಕಟಣೆಯನ್ನು ಗಮನಿಸುತ್ತಿರಿ, ಅಷ್ಟರೊಳಗೆ ಏನೂ ಬರದಿದ್ದರೆ ಗಡುವಿನ ಒಳಗೆ ನೀವೇ ನಿರ್ಧರಿಸಿ. ನೋ ಶೋ ಆದರೂ, ನಾನ್-ರೀಫಂಡಬಲ್ ಟಿಕೆಟ್ ಆದರೂ, ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರ ಶುಲ್ಕಗಳನ್ನು ಏರ್‌ಲೈನ್ ಹಿಂದಿರುಗಿಸಲೇಬೇಕು. ಇದನ್ನು ಕೇಳದೆ ಬಿಡುವವರೇ ಜಾಸ್ತಿ.

ಈ ನಿಯಮಗಳು ಇರುವುದು ಡಿಜಿಸಿಎಯ ಸಿವಿಲ್ ಏವಿಯೇಷನ್ ರಿಕ್ವೈರ್‌ಮೆಂಟ್ಸ್‌ನಲ್ಲಿ, ಸೆಕ್ಷನ್ 3, ಸೀರೀಸ್ ಎಂ. ಅದರ ಪಾರ್ಟ್ 2 ರೀಫಂಡ್ ಬಗ್ಗೆ, ಪಾರ್ಟ್ 4 ವಿಮಾನ ರದ್ದಾದಾಗಿನ ಸೌಲಭ್ಯದ ಬಗ್ಗೆ. ಇವು ಆಗಾಗ ತಿದ್ದುಪಡಿ ಆಗುತ್ತವೆ, ಹಾಗಾಗಿ ಡಿಜಿಸಿಎ ಜಾಲತಾಣದಿಂದ ಈಗಿನ ಪ್ರತಿಯನ್ನೇ ತೆಗೆದು ಓದಬೇಕು. ಆದರೆ ಕೆಲವು ಅಂಶಗಳು ಬಹುಕಾಲದಿಂದ ಗಟ್ಟಿಯಾಗಿವೆ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ರೀಫಂಡ್ ಕೊಡುವುದಕ್ಕೇ ಪ್ರತ್ಯೇಕ ಪ್ರೊಸೆಸಿಂಗ್ ಶುಲ್ಕ ಹಾಕುವಂತಿಲ್ಲ. ಏಜೆಂಟ್ ಅಥವಾ ಆನ್‌ಲೈನ್ ಪೋರ್ಟಲ್ ಮೂಲಕ ಟಿಕೆಟ್ ತೆಗೆದಿದ್ದರೂ ರೀಫಂಡ್‌ನ ಹೊಣೆ ಏರ್‌ಲೈನ್‌ನದ್ದೇ. ದುಡ್ಡಿನ ಬದಲು ಕ್ರೆಡಿಟ್ ಶೆಲ್, ಅಂದರೆ ಮುಂದಿನ ಪ್ರಯಾಣಕ್ಕೆ ಜಮೆ, ತೆಗೆದುಕೊಳ್ಳುವುದು ಪ್ರಯಾಣಿಕರ ಇಷ್ಟ. ಏರ್‌ಲೈನ್ ತಾನಾಗಿಯೇ ಅದನ್ನು ಹೇರುವಂತಿಲ್ಲ. ‘ನಿಮ್ಮ ಮೊತ್ತ ಸುರಕ್ಷಿತವಾಗಿದೆ, ಒಂದು ವರ್ಷದೊಳಗೆ ಬಳಸಿ’ ಎಂಬ ಮೆಸೇಜ್ ಬಂದರೆ ‘ಒಪ್ಪುತ್ತೇನೆ’ ಒತ್ತುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಪಾರ್ಟ್ 4ರಲ್ಲಿ ವಿಮಾನ ರದ್ದಾದರೆ 5,000ದಿಂದ 10,000 ರೂಪಾಯಿವರೆಗೆ ಪರಿಹಾರ ಎಂದು ಇದೆ, ವಾಟ್ಸಾಪ್‌ನಲ್ಲಿ ಅದು ಪದೇ ಪದೇ ಸುತ್ತುತ್ತದೆ. ಭದ್ರತಾ ಬಿಕ್ಕಟ್ಟಿಗೆ ಅದು ಸಿಗುವುದಿಲ್ಲ. ರಾಜಕೀಯ ಅಸ್ಥಿರತೆ, ಸರ್ಕಾರಿ ಆದೇಶ, ಭದ್ರತಾ ಅಪಾಯ ಇವೆಲ್ಲ ಏರ್‌ಲೈನ್‌ನ ಕೈಮೀರಿದ್ದು ಎಂದು ಅದೇ ನಿಯಮ ಹೇಳುತ್ತದೆ. ಟಿಕೆಟ್ ದುಡ್ಡು ಪೂರ್ತಿ ಬರುತ್ತದೆ, ಅದರ ಮೇಲೆ ಪರಿಹಾರ ಬರುವುದಿಲ್ಲ. ಕಾಲ್ ಸೆಂಟರ್ ಜೊತೆ ಈ ವಿಷಯಕ್ಕೆ ಜಗಳಕ್ಕೆ ಬಿದ್ದರೆ ಹೊತ್ತು ಹಾಳು.

ಇನ್ನು ಪಿಎನ್‌ಆರ್, ಅಂದರೆ ಟಿಕೆಟ್ಟಿನ ಬುಕಿಂಗ್ ಸಂಖ್ಯೆಯ ವಿಚಾರ. ನಿಜವಾದ ಪೆಟ್ಟು ಬೀಳುವುದು ಇಲ್ಲೇ. ಕರ್ನಾಟಕದಿಂದ ಹೊರಡುವ ಅನೇಕರು ದೆಹಲಿಯಲ್ಲಿ ವಿಮಾನ ಬದಲಿಸುತ್ತಾರೆ. ಬೆಂಗಳೂರು–ದೆಹಲಿ–ಶ್ರೀನಗರ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಶ್ರೀನಗರದ ತುಂಡು ರದ್ದಾದಾಗ ಇಡೀ ಪ್ರಯಾಣದ ದುಡ್ಡು ಕೇಳಬಹುದು. ನಾಲ್ಕು ಕಾಸು ಉಳಿಯುತ್ತದೆಂದು ದೆಹಲಿವರೆಗೆ ಒಂದು ಏರ್‌ಲೈನ್, ಅಲ್ಲಿಂದ ಮುಂದೆ ಇನ್ನೊಂದು ಎಂದು ಬೇರೆ ಬೇರೆ ತೆಗೆದಿದ್ದರೆ, ಮೊದಲ ಏರ್‌ಲೈನ್‌ಗೆ ನಿಮ್ಮ ಶ್ರೀನಗರಕ್ಕೆ ಸಂಬಂಧವೇ ಇಲ್ಲ. ಅದರ ದೆಹಲಿ ವಿಮಾನ ಹಾರುತ್ತದೆ, ನೀವು ಹತ್ತುವುದಿಲ್ಲ, ದುಡ್ಡು ಹೋಯಿತು. ವಾಪಸ್ ಟಿಕೆಟ್ಟಿಗೂ ಇದೇ ಮಾತು. ಮೇ 9ಕ್ಕೆ ಹೋಗುವುದು, ಮೇ 15ಕ್ಕೆ ಬರುವುದು ಎಂದು ಎರಡು ಪಿಎನ್‌ಆರ್ ಇದ್ದವರ ಹೋಗುವ ವಿಮಾನ ಏರ್‌ಲೈನ್‌ನಿಂದಲೇ ರದ್ದಾಯಿತು. ಆದರೆ ನಿಲ್ದಾಣ ಮೇ 12ಕ್ಕೆ ತೆರೆದ ಕಾರಣ ವಾಪಸ್ ಬರುವ ವಿಮಾನ ರದ್ದಾಗಲು ಕಾರಣವೇ ಉಳಿಯಲಿಲ್ಲ. ಹೋಗದೆ ಬರುವುದು ಹೇಗೆ ಎಂಬ ನ್ಯಾಯವಾದ ಪ್ರಶ್ನೆಗೆ ಕಂಪ್ಯೂಟರ್ ಉತ್ತರಿಸುವುದಿಲ್ಲ. ಕಸ್ಟಮರ್ ಕೇರ್‌ಗೆ ಬರೆದು, ಎರಡೂ ಪಿಎನ್‌ಆರ್ ತೋರಿಸಿ, ವಿನಾಯಿತಿ ಎಂದೇ ಕೇಳಬೇಕು.

ದಿನಾಂಕ ಬದಲಾವಣೆಗೆ ‘ಶುಲ್ಕ ಇಲ್ಲ’ ಎಂದರೆ ದರದ ವ್ಯತ್ಯಾಸವೂ ಇಲ್ಲ ಎಂದು ಅರ್ಥವಲ್ಲ. ಜನವರಿಯಲ್ಲಿ 7,000ಕ್ಕೆ ತೆಗೆದ ಸೀಟು ದಸರಾ ರಜೆಗೆ 11,000 ಇದ್ದರೆ ಆ 4,000 ನೀವೇ ಕಟ್ಟಬೇಕಾದೀತು. ಮುಂದೆ ಹೋಗುವ ತಾರೀಖು ಖಚಿತವಿಲ್ಲದಿದ್ದರೆ ದಿನಾಂಕ ಬದಲಿಸುವುದಕ್ಕಿಂತ ರೀಫಂಡ್ ಒಳ್ಳೆಯದು.

ರೈಲಿನ ವಿಷಯ ಸರಳ. ರೈಲ್ವೆಯೇ ಗಾಡಿಯನ್ನು ಪೂರ್ತಿ ರದ್ದು ಮಾಡಿದರೆ ಇ-ಟಿಕೆಟ್ ದುಡ್ಡು ಕೇಳದೆಯೇ ಖಾತೆಗೆ ಬರುತ್ತದೆ, ಕನ್ವೀನಿಯನ್ಸ್ ಶುಲ್ಕ ಮಾತ್ರ ಬರುವುದಿಲ್ಲ. ಗಾಡಿ ಅರ್ಧದಲ್ಲೇ ನಿಂತರೆ, ಬೇರೆ ಮಾರ್ಗದಲ್ಲಿ ಹೋಗಿ ನಿಮ್ಮ ಸ್ಟೇಷನ್ ತಪ್ಪಿಸಿದರೆ, ಅಥವಾ ಮೂರು ಗಂಟೆಗಿಂತ ಹೆಚ್ಚು ತಡವಾಗಿ ನೀವು ಹತ್ತದೇ ಇದ್ದರೆ ಟಿಡಿಆರ್, ಅಂದರೆ ರೀಫಂಡ್ ಕೇಳುವ ಅರ್ಜಿ, ಹಾಕಬೇಕು. ತಡವಾದ ಕಾರಣಕ್ಕೆ ಹಾಕುವ ಟಿಡಿಆರ್ ಅನ್ನು ಗಾಡಿ ನಿಜವಾಗಿ ಹೊರಡುವ ಮೊದಲೇ ಹಾಕಬೇಕು ಎಂಬುದನ್ನು ಮರೆತು ಬಹಳ ಜನ ಕಳೆದುಕೊಳ್ಳುತ್ತಾರೆ.

ಹೋಟೆಲ್, ಹೌಸ್‌ಬೋಟ್, ಪ್ಯಾಕೇಜ್

ವಿಮಾನಕ್ಕಿರುವಂಥ ನಿಯಂತ್ರಕ ಸಂಸ್ಥೆ ಹೋಟೆಲಿಗೆ ಇಲ್ಲ. ಇಲ್ಲಿ ನಡೆಯುವುದು ಕರಾರು. ಆದ್ದರಿಂದ ವೋಚರ್‌ನಲ್ಲಿ ಏನು ಬರೆದಿದೆ ಎಂಬುದೇ ಮೊದಲು. ಆನ್‌ಲೈನ್ ಬುಕಿಂಗ್‌ನಲ್ಲಿ ‘ಇಂಥ ತಾರೀಖಿನವರೆಗೆ ಉಚಿತ ರದ್ದತಿ’ ಎಂದಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ, ಗಡುವಿನೊಳಗೆ ರದ್ದು ಮಾಡಿ. ಅಂದರೆ ಕ್ರಮ ಹೀಗೆ: ಉಚಿತ ರದ್ದತಿ ಇರುವ ರೂಮುಗಳನ್ನು ಮೊದಲು ಬಿಡಿ, ವಿಮಾನವನ್ನು ಕೊನೆಗೆ. ಗಾಬರಿಯಲ್ಲಿ ಜನ ಮಾಡುವುದು ಇದಕ್ಕೆ ಸರಿಯಾಗಿ ತಿರುಗು.

ಉಚಿತ ರದ್ದತಿ ಇಲ್ಲದಿದ್ದರೆ ‘ಫೋರ್ಸ್ ಮಜೂರ್’ ಎಂಬ ಕಲಂ ಹುಡುಕಿ. ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ಕರಾರು ನಡೆಯದಿದ್ದರೆ ದುಡ್ಡು ಏನಾಗುತ್ತದೆ ಎಂದು ಅಲ್ಲಿ ಬರೆದಿರುತ್ತದೆ. ಕೆಲವು ಟೂರ್ ಕಂಪನಿಗಳ ಕಲಂ ‘ದುಡ್ಡು ವಾಪಸಿಲ್ಲ’ ಎಂದೇ ಹೇಳುತ್ತದೆ, ಕೆಲವು ಕ್ರೆಡಿಟ್ ನೋಟ್ ಕೊಡುತ್ತವೆ. ಅಂಥ ಕಲಂ ಇಲ್ಲವೇ ಇಲ್ಲದಿದ್ದರೆ 1872ರ ಭಾರತೀಯ ಕರಾರು ಕಾಯಿದೆ ಬರುತ್ತದೆ. ಅದರ 56ನೇ ಕಲಂ ಪ್ರಕಾರ ಕರಾರು ಮಾಡಿಕೊಂಡ ಮೇಲೆ ಆ ಕೆಲಸ ಅಸಾಧ್ಯವಾದರೆ ಕರಾರು ಅನೂರ್ಜಿತ. 65ನೇ ಕಲಂ ಪ್ರಕಾರ ಅನೂರ್ಜಿತವಾದ ಕರಾರಿನಿಂದ ಪಡೆದ ಲಾಭವನ್ನು ಹಿಂದಿರುಗಿಸಬೇಕು. ಅಸಾಧ್ಯ ಎಂದರೆ ಅಕ್ಷರಶಃ ಅಸಾಧ್ಯವೇ ಆಗಬೇಕಿಲ್ಲ, ಕರಾರಿನ ತಳಹದಿಯೇ ಕುಸಿದಿದ್ದರೆ ಸಾಕು ಎಂದು ಸತ್ಯಬ್ರತ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ. ಆದರೆ ಕಷ್ಟವಾಯಿತು, ದುಬಾರಿಯಾಯಿತು ಎಂಬುದು ಸಾಲದು ಎಂದೂ 2017ರ ಎನರ್ಜಿ ವಾಚ್‌ಡಾಗ್ ತೀರ್ಪಿನಲ್ಲಿ ಹೇಳಿದೆ.

ಇದನ್ನು ಮೇಲಿನ ನಾಲ್ಕು ಸ್ಥಿತಿಗೆ ಹಚ್ಚಿ ನೋಡಿ. ಮೇ 8ಕ್ಕೆ ಶ್ರೀನಗರದಲ್ಲಿ ರೂಮ್ ಇತ್ತು, ನಿಲ್ದಾಣ ಬಂದ್: ವಾದ ಬಲವಾಗಿದೆ. ಏಪ್ರಿಲ್ 28ಕ್ಕೆ ರೂಮ್ ಇತ್ತು, ವಿಮಾನ ಇತ್ತು, ಮನೆಯವರು ಬೇಡ ಎಂದರು: ವಾದ ದುರ್ಬಲ. ತಾಣ ಮುಚ್ಚಿದ ಸ್ಥಿತಿಯಲ್ಲಿ ಉತ್ತರ ನಿಮ್ಮ ಪ್ಯಾಕೇಜಿನ ಹಾಳೆಯಲ್ಲಿದೆ. ‘ದಿನ 3: ದೂಧ್‌ಪಥ್ರಿ, ದಿನ 4: ಯೂಸ್‌ಮಾರ್ಗ್’ ಎಂದು ಬರೆದು ದುಡ್ಡು ಪಡೆದಿದ್ದು, ಅವು ಆಡಳಿತದ ಆದೇಶದಿಂದ ಮುಚ್ಚಿದ್ದರೆ, ಹೇಳಿದ ಸೇವೆಯನ್ನು ಕೊಡಲು ಕಂಪನಿಗೇ ಆಗುವುದಿಲ್ಲ. ಕನಿಷ್ಠ ಆ ಭಾಗದ ದುಡ್ಡು ಕೇಳಲು ನಿಮಗೆ ನೆಲೆ ಇದೆ. ಕೇವಲ ‘ಶ್ರೀನಗರದಲ್ಲಿ 4 ರಾತ್ರಿ, ಕಾರು ಸಹಿತ’ ಎಂದಿದ್ದರೆ ನೆಲೆ ಕಡಿಮೆ. ಮುಚ್ಚಿದ ತಾಣಗಳು ಒಂದೇ ಸಲಕ್ಕೆ ತೆರೆಯಲಿಲ್ಲ. 2025ರ ಜೂನ್ ಮಧ್ಯಕ್ಕೆ ಬೇತಾಬ್ ಕಣಿವೆ ಸೇರಿ 16 ತೆರೆದವು. ಹಾಗಾಗಿ ಟೂರ್ ಮುಂದಕ್ಕೆ ಹಾಕುವಾಗಲೂ ನಿಮ್ಮ ಪಟ್ಟಿಯ ಜಾಗ ತೆರೆದಿದೆಯೇ ಎಂದು ನೋಡಿಯೇ ಹೊಸ ತಾರೀಖು ಕೊಡಬೇಕು.

ಪ್ಯಾಕೇಜ್ ದುಡ್ಡು ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನೂ ತಿಳಿದಿರಬೇಕು. ನೀವು ಕಟ್ಟಿದ್ದು ಬೆಂಗಳೂರಿನ ಅಥವಾ ಹುಬ್ಬಳ್ಳಿಯ ಟೂರ್ ಆಪರೇಟರ್‌ಗೆ. ಅವರು ಅದರಲ್ಲಿ ಒಂದು ಪಾಲನ್ನು ಶ್ರೀನಗರದ ಲ್ಯಾಂಡ್ ಆಪರೇಟರ್‌ಗೆ ಕಳಿಸಿರುತ್ತಾರೆ, ಅವರು ಹೋಟೆಲಿಗೆ, ಹೌಸ್‌ಬೋಟ್‌ಗೆ, ಕಾರಿನವರಿಗೆ ಹಂಚಿರುತ್ತಾರೆ. ‘ಅಲ್ಲಿಂದ ಬಂದಿಲ್ಲ, ಬಂದ ಮೇಲೆ ಕೊಡುತ್ತೇವೆ’ ಎಂಬ ಮಾತು ಬಹಳ ಸಲ ನಿಜವೇ. ಆದರೆ ನಿಮ್ಮ ಕರಾರು ಬೆಂಗಳೂರಿನವರ ಜೊತೆ, ಅವರ ಮತ್ತು ಶ್ರೀನಗರದವರ ನಡುವಿನ ಲೆಕ್ಕ ಅವರದ್ದು. ಕೇಳಬೇಕಾದದ್ದು ಒಂದು ಪುಟದ ಬಿಡಿ ಲೆಕ್ಕ: ವಿಮಾನಕ್ಕೆ ಎಷ್ಟು, ರೂಮಿಗೆ ಎಷ್ಟು, ಕಾರಿಗೆ ಎಷ್ಟು, ಜಿಎಸ್‌ಟಿ ಎಷ್ಟು, ಅವರ ಸೇವಾ ಶುಲ್ಕ ಎಷ್ಟು, ಇದರಲ್ಲಿ ಈಗಾಗಲೇ ಯಾರಿಗೆ ಎಷ್ಟು ಕೊಟ್ಟಾಗಿದೆ. ಈ ಹಾಳೆ ಕೊಡಲು ಹಿಂದೇಟು ಹಾಕಿದರೆ ಅನುಮಾನ ಪಡಬೇಕು. ಏರ್‌ಲೈನ್ ಪೂರ್ತಿ ರೀಫಂಡ್ ಕೊಟ್ಟಿದ್ದರೂ ಆಪರೇಟರ್ ಅದನ್ನು ತನ್ನ ಹತ್ತಿರ ಇಟ್ಟುಕೊಂಡು ‘ಪ್ಯಾಕೇಜ್ ನಾನ್-ರೀಫಂಡಬಲ್’ ಎನ್ನುವುದು ಹೊಸದಲ್ಲ. ಪಿಎನ್‌ಆರ್ ನಿಮ್ಮ ಹತ್ತಿರ ಇದ್ದರೆ ಏರ್‌ಲೈನ್‌ಗೆ ನೀವೇ ಕೇಳಿ ತಿಳಿಯಬಹುದು. ಗುಂಪಿನ ದರದಲ್ಲಿ ಟಿಕೆಟ್ ತೆಗೆದಿದ್ದರೆ ಮಾತ್ರ ನಿಯಮ ಬೇರೆ. ಅಲ್ಲಿ ಹೆಸರು ಹಾಕುವ ಮೊದಲೇ ಡಿಪಾಸಿಟ್ ಕಟ್ಟಿರುತ್ತಾರೆ, ಅದು ವಾಪಸ್ ಬರುವುದು ಕಷ್ಟ.

ಸೇವೆ ಕೊಡದೆ ರೀಫಂಡ್ ಕೊಟ್ಟರೆ ಅದರ ಪಾಲಿನ ಜಿಎಸ್‌ಟಿ ಕೂಡ ಬರಬೇಕು. ಅಡ್ವಾನ್ಸ್ ಮಾತ್ರ ಪಡೆದಿದ್ದರೆ ರೀಫಂಡ್ ವೋಚರ್, ಬಿಲ್ ಮಾಡಿದ್ದರೆ ಕ್ರೆಡಿಟ್ ನೋಟ್ ಕೊಟ್ಟು ಅವರು ತಮ್ಮ ತೆರಿಗೆ ಲೆಕ್ಕ ಸರಿಪಡಿಸಿಕೊಳ್ಳಬಹುದು. ‘ಜಿಎಸ್‌ಟಿ ಸರ್ಕಾರಕ್ಕೆ ಹೋಯಿತು’ ಎಂಬ ಉತ್ತರಕ್ಕೆ ಸುಮ್ಮನಾಗಬೇಕಿಲ್ಲ.

ಒಂದು ಮಾತು ಕಾನೂನಿನ ಹೊರಗೆ. ದಾಲ್ ಸರೋವರದ ಒಂದೇ ಹೌಸ್‌ಬೋಟಿನ ಮಾಲೀಕ, ಒಂದೇ ಕಾರಿಟ್ಟುಕೊಂಡ ಡ್ರೈವರ್ ಇವರಿಗೆ ನೇರವಾಗಿ ಐದು ಸಾವಿರ ಅಡ್ವಾನ್ಸ್ ಕೊಟ್ಟಿದ್ದರೆ, ಆ ವರ್ಷದ ಅವರ ಸೀಸನ್ ಪೂರ್ತಿ ಮುಳುಗಿರುತ್ತದೆ. ಅಂಥವರ ಹತ್ತಿರ ದುಡ್ಡು ವಾಪಸ್ ಕೇಳುವುದಕ್ಕಿಂತ ‘ಮುಂದೆ ಬಂದಾಗ ಹಿಡಿದುಕೊಳ್ಳಿ’ ಎಂದು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳುವುದು ನ್ಯಾಯ. ಅದೇ ಮೃದುತ್ವವನ್ನು ದೊಡ್ಡ ಪೋರ್ಟಲ್‌ಗಳಿಗೆ ತೋರಿಸುವ ಅಗತ್ಯ ಇಲ್ಲ.

ಪತ್ರದಲ್ಲಿ ಏನಿರಬೇಕು

ಫೋನಿನಲ್ಲಿ ಆಡಿದ ಮಾತಿಗೆ ಬೆಲೆ ಇಲ್ಲ, ಇಮೇಲ್ ಬೇಕು. ಬರೆಯುವಾಗ ‘ನಮಗೆ ಭಯವಾಗಿದೆ, ಕ್ಯಾನ್ಸಲ್ ಮಾಡುತ್ತಿದ್ದೇವೆ’ ಎಂದು ಶುರು ಮಾಡಿದರೆ ಅಲ್ಲಿಗೇ ಅದು ನಿಮ್ಮ ಇಚ್ಛೆಯ ರದ್ದತಿ ಆಗಿಬಿಡುತ್ತದೆ. ಹೀಗೆ ಬರೆಯಬಹುದು:

“ಬುಕಿಂಗ್ ಸಂಖ್ಯೆ ಇಷ್ಟು, ಮೇ 8ರಿಂದ 13, ಎರಡು ರೂಮು, ಕೊಟ್ಟ ಅಡ್ವಾನ್ಸ್ 22,500 ರೂ. ಸರ್ಕಾರದ ಆದೇಶದಂತೆ ಶ್ರೀನಗರ ವಿಮಾನ ನಿಲ್ದಾಣ ಮೇ 7ರಿಂದ ಮುಚ್ಚಿದೆ. ನಮ್ಮ ವಿಮಾನವನ್ನು ಏರ್‌ಲೈನ್ ರದ್ದು ಮಾಡಿದೆ, ಅದರ ಪ್ರತಿ ಲಗತ್ತಿಸಿದೆ. ಆದ್ದರಿಂದ ಈ ತಾರೀಖುಗಳಿಗೆ ಕರಾರು ನೆರವೇರಲು ಸಾಧ್ಯವಿಲ್ಲ. ಅಡ್ವಾನ್ಸ್ ಮೊತ್ತವನ್ನು ಪಾವತಿ ಮಾಡಿದ ಖಾತೆಗೇ 15 ದಿನದೊಳಗೆ ಹಿಂದಿರುಗಿಸಿ. ಕ್ರೆಡಿಟ್ ನೋಟ್‌ಗೆ ನಮ್ಮ ಒಪ್ಪಿಗೆ ಇಲ್ಲ.”

ಇಷ್ಟೇ ಸಾಕು. ಜೊತೆಗೆ ಏರ್‌ಲೈನ್‌ನ ರದ್ದತಿ ಮೆಸೇಜು, ನಿಲ್ದಾಣ ಬಂದ್ ಆದ ಪ್ರಕಟಣೆ, ತಾಣ ಮುಚ್ಚಿದ ಸುದ್ದಿ ಇವುಗಳ ಸ್ಕ್ರೀನ್‌ಶಾಟ್ ಆ ದಿನವೇ ತೆಗೆದಿಡಿ, ತಾರೀಖು ಕಾಣುವಂತೆ. ಏರ್‌ಲೈನ್‌ಗಳ ರಿಯಾಯಿತಿ ಪುಟಗಳು ವಾರ ಕಳೆಯುವಷ್ಟರಲ್ಲಿ ಮಾಯವಾಗಿರುತ್ತವೆ.

ವಿಮೆ ಮತ್ತು ಕಾರ್ಡು

ಟಿಕೆಟ್ ಜೊತೆ ಟಿಕ್ ಹಾಕಿ ತೆಗೆದುಕೊಂಡ ಚಿಕ್ಕ ಮೊತ್ತದ ವಿಮೆ ಹೆಚ್ಚಾಗಿ ಅಪಘಾತ, ಲಗೇಜ್ ಕಳೆಯುವುದು, ವಿಮಾನ ತಡವಾಗುವುದು ಇವಕ್ಕಷ್ಟೆ. ಪ್ರವಾಸ ರದ್ದತಿಗೆ ಕವರ್ ಇದ್ದರೂ ಅದು ‘ಇಂಥಿಂಥ ಕಾರಣಕ್ಕೆ ಮಾತ್ರ’ ಎಂದು ಎಣಿಸಿ ಬರೆದ ಪಟ್ಟಿ: ಸಾವು, ಆಸ್ಪತ್ರೆ ಸೇರುವುದು, ಪ್ರಕೃತಿ ವಿಕೋಪ, ಕೆಲವು ಪಾಲಿಸಿಗಳಲ್ಲಿ ಭಯೋತ್ಪಾದಕ ಕೃತ್ಯ. ಪಟ್ಟಿಯಲ್ಲಿ ಭಯೋತ್ಪಾದನೆ ಇದ್ದರೂ ನೀವು ಹೋಗುವ ಊರಿನಲ್ಲೇ, ಹೊರಡುವ ಇಂತಿಷ್ಟು ದಿನದೊಳಗೆ ನಡೆದಿರಬೇಕು ಎಂಬ ಷರತ್ತು ಇರುವುದುಂಟು. ಭಯದಿಂದ ಮನಸ್ಸು ಬದಲಾದದ್ದಕ್ಕೆ ಸಾಮಾನ್ಯ ಪಾಲಿಸಿ ದುಡ್ಡು ಕೊಡುವುದಿಲ್ಲ.

ಭಯೋತ್ಪಾದನೆಗೂ ಯುದ್ಧಕ್ಕೂ ಪಾಲಿಸಿಯಲ್ಲಿ ಇರುವ ಗೆರೆ ಇನ್ನೂ ಮುಖ್ಯ. ಯುದ್ಧ ಘೋಷಣೆ ಆಗಿರಲಿ ಬಿಡಲಿ, ಶತ್ರು ದೇಶದ ಜೊತೆಗಿನ ಸೈನಿಕ ಸಂಘರ್ಷವನ್ನು ಬಹುತೇಕ ಪಾಲಿಸಿಗಳು ಹೊರಗಿಟ್ಟಿರುತ್ತವೆ. ಆದ್ದರಿಂದ ಏಪ್ರಿಲ್ 22ರ ದಾಳಿಯ ಕಾರಣಕ್ಕೆ ಸಿಗಬಹುದಾದ ಕ್ಲೇಮ್ ಮೇ 7ರ ನಂತರದ ಕಾರಣಕ್ಕೆ ಸಿಗದೆ ಹೋಗಬಹುದು. ವಿಮಾನದಲ್ಲಿ ಗ್ರಾಹಕನ ಬಲ ಹೆಚ್ಚುವ ತಾರೀಖಿಗೇ ವಿಮೆಯಲ್ಲಿ ಬಲ ಕುಗ್ಗುತ್ತದೆ, ವಿಚಿತ್ರವೆನಿಸಿದರೂ ಲೆಕ್ಕ ಹೀಗೇ. ಘಟನೆ ನಡೆದ ಮೇಲೆ ಕೊಂಡ ಪಾಲಿಸಿಯಿಂದ ಆ ಘಟನೆಗೆ ಏನೂ ಬರುವುದಿಲ್ಲ. ಏರ್‌ಲೈನ್ ಈಗಾಗಲೇ ಕೊಟ್ಟ ದುಡ್ಡನ್ನು ವಿಮೆಯಿಂದ ಮತ್ತೆ ಕೇಳುವಂತೆಯೂ ಇಲ್ಲ; ಬಾರದೇ ಉಳಿದದ್ದಕ್ಕೆ ಮಾತ್ರ ಕ್ಲೇಮ್, ಅದಕ್ಕೆ ಹೋಟೆಲಿನವರು ‘ರೀಫಂಡ್ ಇಲ್ಲ’ ಎಂದು ಬರೆದ ಇಮೇಲ್ ಬೇಕು. ಕ್ಲೇಮ್ ತಿರಸ್ಕಾರವಾದರೆ, ಅಥವಾ ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ.

ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಚಾರ್ಜ್‌ಬ್ಯಾಕ್ ಎಂಬ ದಾರಿ ಇದೆ. ಸೇವೆ ಕೊಡಲಿಲ್ಲ, ದುಡ್ಡೂ ಕೊಡಲಿಲ್ಲ ಎಂದು ಬ್ಯಾಂಕಿಗೆ ವಿವಾದ ದಾಖಲಿಸುವುದು. ಏರ್‌ಲೈನ್ ಅಥವಾ ಕಂಪನಿ ತಾನೇ ರದ್ದು ಮಾಡಿ ರೀಫಂಡ್ ತಡೆಹಿಡಿದಾಗ ಇದು ಚೆನ್ನಾಗಿ ನಡೆಯುತ್ತದೆ. ನೀವೇ ಬಿಟ್ಟದ್ದಕ್ಕೆ ನಡೆಯುವುದಿಲ್ಲ. ಇದಕ್ಕೆ ಗಡುವು ಇರುತ್ತದೆ, ಆದ್ದರಿಂದ ‘ಮುಂದಿನ ತಿಂಗಳು ಕೊಡುತ್ತೇವೆ’ ಎಂಬ ಭರವಸೆಯಲ್ಲಿ ತಿಂಗಳುಗಟ್ಟಲೆ ಕಳೆಯಬೇಡಿ. ಇಎಂಐನಲ್ಲಿ ಟೂರ್ ತೆಗೆದವರು ಇನ್ನೊಂದು ಗಮನಿಸಬೇಕು: ಟೂರ್ ರದ್ದಾದರೂ ಇಎಂಐ ತಾನಾಗಿ ನಿಲ್ಲುವುದಿಲ್ಲ. ರೀಫಂಡ್ ಕಾರ್ಡಿಗೆ ಜಮೆಯಾದ ಮೇಲೆ ಬ್ಯಾಂಕಿಗೆ ಹೇಳಿ ಆ ಸಾಲ ಮುಚ್ಚಿಸಬೇಕು. ಪ್ರೊಸೆಸಿಂಗ್ ಶುಲ್ಕ, ಆವರೆಗಿನ ಬಡ್ಡಿ, ಅದರ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ಬರುವುದಿಲ್ಲ. ಎಲ್‌ಟಿಸಿ (ರಜೆಯ ಪ್ರವಾಸಕ್ಕೆ ಕೊಡುವ ಭತ್ಯೆ) ಅಡ್ವಾನ್ಸ್ ಪಡೆದ ಸರ್ಕಾರಿ ನೌಕರರು ಪ್ರವಾಸ ಆಗದಿದ್ದರೆ ಕಚೇರಿಗೆ ಬೇಗ ಮರಳಿಸಬೇಕು, ತಡವಾದರೆ ದಂಡದ ಬಡ್ಡಿ ಬೀಳುತ್ತದೆ.

ಕೊಡದೇ ಇದ್ದರೆ

ಏರ್‌ಲೈನ್ ವಿಷಯಕ್ಕೆ ನಾಗರಿಕ ವಿಮಾನಯಾನ ಸಚಿವಾಲಯದ ದೂರು ಪೋರ್ಟಲ್ ಏರ್‌ಸೇವಾ ಇದೆ. ಉಳಿದದ್ದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಇವು ತೀರ್ಪು ಕೊಡುವುದಿಲ್ಲ, ಆದರೆ ದೊಡ್ಡ ಪೋರ್ಟಲ್‌ಗಳು ಇಲ್ಲಿಂದ ಹೋದ ದೂರಿಗೆ ಕಸ್ಟಮರ್ ಕೇರ್‌ಗಿಂತ ಬೇಗ ಓಗೊಡುತ್ತವೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಟೂರ್ ಕಂಪನಿ ದೆಹಲಿಯದೋ ಗುರುಗ್ರಾಮದ್ದೋ ಆದರೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ದಾವಣಗೆರೆಯವರು ದಾವಣಗೆರೆಯಲ್ಲೇ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷದ ಕಾಲಾವಕಾಶ ಇದೆ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ನಿಯಮ ಪುಸ್ತಕದಲ್ಲಿ ‘ನ್ಯಾಯವ್ಯಾಪ್ತಿ ದೆಹಲಿ ಮಾತ್ರ’ ಎಂದು ಕಂಪನಿ ಮುದ್ರಿಸಿದ್ದರೂ ಹೆದರಬೇಕಿಲ್ಲ. ಕ್ರೆಡಿಟ್ ಶೆಲ್ ವಿಚಾರಕ್ಕೆ ಜಗಳ ಬಂದರೆ 2020ರ ಅಕ್ಟೋಬರ್ 1ರ ಪ್ರವಾಸಿ ಲೀಗಲ್ ಸೆಲ್ ತೀರ್ಪನ್ನು ಓದಿಕೊಳ್ಳುವುದು ಒಳ್ಳೆಯದು. ಅದು ಕೋವಿಡ್ ಲಾಕ್‌ಡೌನ್‌ನ ಟಿಕೆಟ್‌ಗಳಿಗೆ ಸೀಮಿತ, ಇಲ್ಲಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಪ್ರಯಾಣಿಕರ ದುಡ್ಡನ್ನು ಜಮೆಯಾಗಿ ಇಟ್ಟುಕೊಂಡ ಏರ್‌ಲೈನ್ ಅದರ ಮೇಲೆ ತಿಂಗಳಿಗೆ 0.5, ಆಮೇಲೆ 0.75 ಪ್ರತಿಶತ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತ್ತು.

ರೀಫಂಡ್‌ಗಾಗಿ ಗೂಗಲ್‌ನಲ್ಲಿ ಏರ್‌ಲೈನ್‌ನ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಇಂಥ ಬಿಕ್ಕಟ್ಟಿನ ವಾರಗಳಲ್ಲೇ ನಕಲಿ ನಂಬರುಗಳ ಸುಗ್ಗಿ. ನಂಬರನ್ನು ಟಿಕೆಟ್ಟಿನಿಂದ ಅಥವಾ ಅಧಿಕೃತ ಆಪ್‌ನಿಂದ ಮಾತ್ರ ತೆಗೆದುಕೊಳ್ಳಿ. ಸ್ಕ್ರೀನ್ ಹಂಚಿಕೊಳ್ಳುವ ಆಪ್ ಹಾಕಿಸಿದರೆ ಕರೆ ಕತ್ತರಿಸಿ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಯೇ ಇಲ್ಲ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಎಂದೇ ಅರ್ಥ. ಕಳೆದುಕೊಂಡಿದ್ದೇ ಆದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಆ ದುಡ್ಡನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.